ನೆಲವನ್ನು ಓದಿದ ಅಧಿಕಾರಿ: ರಾಬರ್ಟ್ ಬ್ರೂಸ್ ಫೂಟ್ ಮತ್ತು ಕನ್ನಡ ನಾಡಿನ ಖನಿಜ ಸಂಪತ್ತು

ಸಂಡೂರಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನ, ಬಾಗಲಕೋಟೆಯ ಸುಣ್ಣಕಲ್ಲು. ಇವು ನಮ್ಮ ವಾಣಿಜ್ಯ ವಲಯದಲ್ಲಿ ದಿನನಿತ್ಯ ಕೇಳಿಬರುವ ಹೆಸರುಗಳು. ಅದಿರು ಸಾಗಿಸುವ ಲಾರಿ ಮಾಲೀಕರಿಂದ ಹಿಡಿದು ಎರಕದ ಕಾರ್ಖಾನೆ ನಡೆಸುವ ಸಣ್ಣ ಉದ್ದಿಮೆದಾರರವರೆಗೆ ಸಹಸ್ರಾರು ಕುಟುಂಬಗಳ ಜೀವನ ಈ ಕಲ್ಲು ಮಣ್ಣುಗಳನ್ನು ಅವಲಂಬಿಸಿದೆ. ಆದರೆ ಈ ನೆಲದ ಅಡಿಯಲ್ಲಿ ಯಾವ ಶಿಲೆ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ, ಯಾವುದರಲ್ಲಿ ಲೋಹ ದೊರೆಯುವ ಸಂಭವವಿದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ಎತ್ತಿನ ಗಾಡಿಯಲ್ಲಿ ಸಂಚರಿಸಿ ಮೊದಲ ಬಾರಿಗೆ ಕ್ರಮಬದ್ಧವಾಗಿ ನಕ್ಷೆಗಿಳಿಸಿದವರಲ್ಲಿ ಪ್ರಮುಖನಾದವನ ಹೆಸರು ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಆತ ರಾಬರ್ಟ್ ಬ್ರೂಸ್ ಫೂಟ್.

ಪುರಾತತ್ವದ ವಿದ್ಯಾರ್ಥಿಗಳಿಗೆ ಫೂಟ್ ಭಾರತದ ಪ್ರಾಗೈತಿಹಾಸಿಕ ಅಧ್ಯಯನದ ಜನಕನೆಂದು ಪರಿಚಿತ. ಅದು ನ್ಯಾಯವಾದ ಕೀರ್ತಿಯೇ. ಆದರೆ ಆತನಿಗೆ ಸಂಬಳ ಬರುತ್ತಿದ್ದುದು ಆ ಕೆಲಸಕ್ಕಲ್ಲ. ಆತ ಸರ್ಕಾರಿ ಭೂಗರ್ಭ ಸಮೀಕ್ಷಕ. ಶಿಲೆಗಳನ್ನು ಗುರುತಿಸಿ ವರದಿ ಬರೆಯುವುದು ಆತನ ಉದ್ಯೋಗ. ವರ್ತಕರೂ ಉತ್ಪಾದಕರೂ ಆದ ನಮ್ಮ ಓದುಗರಿಗೆ ಹೆಚ್ಚು ಪ್ರಸ್ತುತವೆನಿಸುವುದು ಆ ಮುಖವೇ ಆದ್ದರಿಂದ ಈ ಲೇಖನದಲ್ಲಿ ಅದಕ್ಕೇ ಪ್ರಾಧಾನ್ಯ ನೀಡಲಾಗಿದೆ.

ಕಲ್ಲಿದ್ದಲಿಗಾಗಿ ಹುಟ್ಟಿದ ಇಲಾಖೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್‌ನ ನೇತೃತ್ವದಲ್ಲಿ ಕಾರ್ಯಾರಂಭ ಮಾಡಿತು. ಈಸ್ಟ್ ಇಂಡಿಯಾ ಕಂಪನಿಗೆ ಆಗ ಬೇಕಾಗಿದ್ದುದು ಮುಖ್ಯವಾಗಿ ಕಲ್ಲಿದ್ದಲು. ಹಬೆ ಹಡಗುಗಳು ಬಂದಿದ್ದವು, ರೈಲು ಬರಲಿತ್ತು. ಇಂಗ್ಲೆಂಡಿನಿಂದ ಇದ್ದಲು ತರಿಸುವ ವೆಚ್ಚ ದುಬಾರಿಯಾಗಿತ್ತು. ಶಾಸ್ತ್ರಜ್ಞಾನದ ಪ್ರೀತಿಯಿಂದ ಕಂಪನಿ ಸರ್ಕಾರ ಈ ಇಲಾಖೆಯನ್ನು ಕಟ್ಟಿತೆಂದು ಭಾವಿಸುವುದು ತಪ್ಪಾದೀತು. ಲೆಕ್ಕಾಚಾರ ಶುದ್ಧ ವ್ಯಾಪಾರದ್ದು. ಆದರೆ ಓಲ್ಡ್‌ಹ್ಯಾಮ್ ಒಂದು ವಿಷಯದಲ್ಲಿ ಹಟ ಹಿಡಿದ. ಖನಿಜ ಸಿಕ್ಕಿತೆಂಬ ಸುದ್ದಿ ಬಂದ ಕಡೆಗೆಲ್ಲ ಓಡುವುದರಿಂದ ಪ್ರಯೋಜನವಿಲ್ಲ, ಇಡೀ ದೇಶದ ಶಿಲಾನಕ್ಷೆಯನ್ನು ಕ್ರಮವಾಗಿ ಸಿದ್ಧಪಡಿಸಿದರೆ ಮಾತ್ರ ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು ಎಂಬುದು ಸ್ಪಷ್ಟವಾಗುತ್ತದೆ ಎಂಬುದು ಆತನ ನಿಲುವು. ಎಲ್ಲಿ ಹುಡುಕಬಾರದು ಎಂಬುದನ್ನು ತಿಳಿಸುವ ನಕ್ಷೆಯ ಬೆಲೆ ಬಂಡವಾಳ ಕಳೆದುಕೊಂಡವರಿಗೇ ಚೆನ್ನಾಗಿ ಗೊತ್ತು.

1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದ ಫೂಟ್ 1858ರಲ್ಲಿ, ಅಂದರೆ ಆಡಳಿತವು ಕಂಪನಿಯ ಕೈಯಿಂದ ರಾಣಿಯ ಕೈಗೆ ಹೋದ ವರ್ಷವೇ, ಈ ಇಲಾಖೆಯನ್ನು ಸೇರಿದ. ಮದ್ರಾಸ್ ಪ್ರಾಂತದ ತಂಡಕ್ಕೆ ನಿಯೋಜಿತನಾದ ಆತ ಅಲ್ಲಿಂದ ಮುಂದಕ್ಕೆ 1891ರವರೆಗೆ, 33 ವರ್ಷಗಳ ಕಾಲ, ತನ್ನ ಸೇವೆಯ ಬಹುಪಾಲನ್ನು ದಕ್ಷಿಣ ಭಾರತದಲ್ಲಿಯೇ ಕಳೆದ. ತಮಿಳು ವಿದ್ವಾಂಸನೂ ಪಾದ್ರಿಯೂ ಆಗಿದ್ದ ಪೀಟರ್ ಪರ್ಸಿವಲ್ ಆತನ ಮಾವ.

ಸಮೀಕ್ಷಕರ ವರ್ಷ ಎರಡು ಭಾಗವಾಗಿರುತ್ತಿತ್ತು. ಮಳೆ ನಿಂತ ಮೇಲೆ ಡೇರೆ, ಗಾಡಿ, ಸುತ್ತಿಗೆ, ದಿಕ್ಸೂಚಿ, ಪದರಗಳ ಓರೆ ಅಳೆಯುವ ಉಪಕರಣ ಇವುಗಳೊಡನೆ ಹೊರಟು ಬೇಸಿಗೆ ಸುಡುವವರೆಗೆ ಹಳ್ಳಿಯಿಂದ ಹಳ್ಳಿಗೆ ಸಂಚಾರ. ಮಳೆಗಾಲದಲ್ಲಿ ಕಚೇರಿಯಲ್ಲಿ ಕುಳಿತು ನಕ್ಷೆಗೆ ಬಣ್ಣ ತುಂಬುವುದು, ವರದಿ ಬರೆಯುವುದು. ಡೇರೆ ಹೂಡಿದವರು, ಕಲ್ಲಿನ ಚೀಲ ಹೊತ್ತವರು, ಊರಿನ ಹಿಂದಣ ಗುಡ್ಡದಲ್ಲಿ ಹಿರಿಯರು ಅಗೆದ ಹಳೆಯ ಗುಂಡಿಯಿದೆ ಎಂದು ಬೆರಳು ಮಾಡಿ ತೋರಿಸಿದವರು ಯಾರೆಂಬುದು ಇಂತಹ ವರದಿಗಳಲ್ಲಿ ಸಾಮಾನ್ಯವಾಗಿ ದಾಖಲಾಗುತ್ತಿರಲಿಲ್ಲ.

1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಜಲ್ಲಿಗಾಗಿ ತೋಡಿದ್ದ ಗುಂಡಿಯೊಂದರಲ್ಲಿ ಫೂಟ್‌ಗೆ ಮನುಷ್ಯನ ಕೈಯಿಂದ ಕೆತ್ತಲ್ಪಟ್ಟ ಕಲ್ಲೊಂದು ಕಾಣಿಸಿತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್‌ನೊಡನೆ ಅತ್ತಿರಂಪಾಕ್ಕಂನಲ್ಲಿ ಇನ್ನೂ ಹಲವು ಕೈಗೊಡಲಿಗಳು ದೊರೆತವು. ಭಾರತದಲ್ಲಿ ಹಳೆಯ ಶಿಲಾಯುಗದ ಮಾನವನಿದ್ದನೆಂಬುದಕ್ಕೆ ಇವು ಮೊದಲ ಸಾಕ್ಷ್ಯಗಳು. ಯುರೋಪಿನಲ್ಲಿ ಇಂತಹ ಕಲ್ಲುಗಳ ಪ್ರಾಚೀನತೆಯನ್ನು ವಿದ್ವಾಂಸರು ಒಪ್ಪಿಕೊಂಡು ಇನ್ನೂ ನಾಲ್ಕು ವರ್ಷವಾಗಿತ್ತಷ್ಟೆ. ಈ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಇಲ್ಲಿ ಇಷ್ಟು ಸಾಕು.

ಕಲಾದಗಿಯಿಂದ ಕಪ್ಪತಗುಡ್ಡಕ್ಕೆ

ಕನ್ನಡ ನಾಡಿಗೆ ಫೂಟ್‌ನ ನಿಜವಾದ ಪ್ರವೇಶವಾದುದು ಆಗ ದಕ್ಷಿಣ ಮರಾಠಾ ಪ್ರದೇಶವೆಂದು ಕರೆಯಲ್ಪಡುತ್ತಿದ್ದ ಭಾಗದ ಸಮೀಕ್ಷೆಯ ಮೂಲಕ. ಇಂದಿನ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಗದಗ ಜಿಲ್ಲೆಗಳ ದೊಡ್ಡ ಭಾಗ ಇದರಲ್ಲಿ ಸೇರಿತ್ತು. ಈ ಸಮೀಕ್ಷೆಯ ಫಲವು ಇಲಾಖೆಯ ಗ್ರಂಥಮಾಲೆಯ 12ನೆಯ ಸಂಪುಟವಾಗಿ 1876ರಲ್ಲಿ ಪ್ರಕಟವಾಯಿತು. ಘಟಪ್ರಭಾ, ಮಲಪ್ರಭಾ ಕಣಿವೆಗಳ ಮರಳುಗಲ್ಲು, ಸುಣ್ಣಕಲ್ಲುಗಳ ಸಮೂಹಕ್ಕೆ ಆತ ಕಲಾದಗಿಯ ಹೆಸರನ್ನೇ ಇಟ್ಟ. ಇಂದು ದಾಳಿಂಬೆಗೆ ಹೆಸರಾಗಿರುವ ಕಲಾದಗಿ ಆಗ ಜಿಲ್ಲಾ ಕೇಂದ್ರ. ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲು ಈ ಸಮೂಹದ್ದು. ಬಾಗಲಕೋಟೆಯ ಸಿಮೆಂಟ್ ಉದ್ಯಮಕ್ಕೆ ಆಧಾರವಾದ ಸುಣ್ಣಕಲ್ಲೂ ಈ ಸಮೂಹದ್ದೇ. ಗೋಕಾಕದ ಬಳಿ ಆತನಿಗೆ ಅಳಿದುಹೋದ ಖಡ್ಗಮೃಗದ ಎಲುಬುಗಳೂ ದೊರೆತವು. 1874ರಲ್ಲಿ ಅದನ್ನು ದಖ್ಖನ್ನಿನ ಹೆಸರಿನಲ್ಲಿಯೇ ವರ್ಣಿಸಿ ಪ್ರಕಟಿಸಿದ.

ಆ ಕಾಲದ ವಾಣಿಜ್ಯ ಸ್ಥಿತಿಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಅಮೆರಿಕೆಯ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಧಾರವಾಡದ ಹತ್ತಿಗೆ ಅಪಾರ ಬೇಡಿಕೆ ಬಂದು, ಯುದ್ಧ ಮುಗಿಯುತ್ತಲೇ ಬೆಲೆ ಕುಸಿದು ಅನೇಕ ವರ್ತಕರು ನಷ್ಟ ಅನುಭವಿಸಿದ್ದರು. ರೈಲು ಇನ್ನೂ ಬಂದಿರಲಿಲ್ಲ. 1876ರಿಂದ 1878ರವರೆಗಿನ ಘೋರ ಕ್ಷಾಮದ ತರುವಾಯವೇ, ಕ್ಷಾಮ ನಿವಾರಣೆಯ ಉದ್ದೇಶವನ್ನೂ ಸೇರಿಸಿಕೊಂಡು, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗಳನ್ನು ಮರ್ಮಗೋವಾ ಬಂದರಿಗೆ ಜೋಡಿಸಿತು. ಫೂಟ್ ತನ್ನ ನಕ್ಷೆಯಲ್ಲಿ ಗುರುತಿಸುತ್ತಿದ್ದ ಕಲ್ಲುಗಳಿಗೆ ಮಾರುಕಟ್ಟೆಯ ದಾರಿ ಆಗಿನ್ನೂ ಇರಲಿಲ್ಲ.

ಕಪ್ಪತಗುಡ್ಡ ಪ್ರದೇಶದ ಚಿನ್ನದ ಪ್ರಸಂಗ ಇನ್ನೂ ಕುತೂಹಲಕಾರಿಯಾದುದು. ಡಂಬಳದ ಗುಡ್ಡಗಳಿಂದ ಇಳಿದುಬರುವ ತೊರೆಗಳ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆಯುವ ವೃತ್ತಿಯವರು ಅಲ್ಲಿ ಬಹುಕಾಲದಿಂದ ಇದ್ದರು. ಅವರನ್ನು ಜಲಗಾರರೆಂದು ಕರೆಯುತ್ತಿದ್ದರು. (ಕುವೆಂಪು ಅವರ ನಾಟಕದಿಂದಾಗಿ ಈ ಪದವನ್ನು ನಾವು ಕಸ ಗುಡಿಸುವವ ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಲ್ಲೆವು, ಧೂಳಿನಿಂದ, ಮರಳಿನಿಂದ ಬೆಲೆಯುಳ್ಳದ್ದನ್ನು ತೊಳೆದು ತೆಗೆಯುವವ ಎಂಬುದೂ ಅದರ ಅರ್ಥವೇ.) ಫೂಟ್ ಈ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು 1874ರಲ್ಲಿ ಲೇಖನ ಪ್ರಕಟಿಸಿದ. ತೊರೆಯಲ್ಲಿ ದೊರೆಯುವ ಕಣಗಳಿಂದ ಹಿಂದಕ್ಕೆ ಹೋಗಿ, ಅವು ಯಾವ ಶಿಲೆಯಿಂದ ಸವೆದು ಬಂದಿರಬೇಕೆಂದು ತರ್ಕಿಸುವುದು ಆತನ ವಿಧಾನ.

ಚಿನ್ನವಿದೆ ಎಂಬುದು ಒಂದು ಮಾತು, ಖರ್ಚು ಕಳೆದು ಲಾಭ ಉಳಿಯುವಷ್ಟು ಚಿನ್ನವಿದೆ ಎಂಬುದು ಬೇರೆ ಮಾತು. ಈ ವ್ಯತ್ಯಾಸವನ್ನು ಅಲಕ್ಷಿಸಿದ್ದರ ಪರಿಣಾಮವನ್ನು ದಕ್ಷಿಣ ಭಾರತ ಬಹು ಬೇಗ ಕಂಡಿತು. ವೈನಾಡಿನಲ್ಲಿ ಚಿನ್ನವಿದೆ ಎಂಬ ಸುದ್ದಿ 1879ರ ಹೊತ್ತಿಗೆ ಲಂಡನ್ನಿನ ಷೇರು ಮಾರುಕಟ್ಟೆಯನ್ನು ಮುಟ್ಟಿತು. ಡಜನುಗಟ್ಟಲೆ ಕಂಪನಿಗಳು ಹುಟ್ಟಿಕೊಂಡವು. ಕಾಫಿ ತೋಟಗಳು ಗಣಿಭೂಮಿಯೆಂಬ ಹೆಸರಿನಲ್ಲಿ ಹಲವು ಪಟ್ಟು ಬೆಲೆಗೆ ಕೈಬದಲಾದವು. ಪಂದಲೂರಿನಲ್ಲಿ ಕುದುರೆ ಪಂದ್ಯದ ಬಯಲು ಕೂಡ ಸಿದ್ಧವಾಯಿತು. ಅದಿರು ಅರೆಯುವ ಭಾರೀ ಯಂತ್ರಗಳು ಇಂಗ್ಲೆಂಡಿನಿಂದ ಬಂದಿಳಿದವು. ಕೆಲವು ಘಾಟಿಯ ರಸ್ತೆಯಂಚಿನಲ್ಲಿಯೇ, ಜೋಡಣೆಯಾಗದೆ, ತುಕ್ಕು ಹಿಡಿದವು. ಐದಾರು ವರ್ಷಗಳಲ್ಲಿ ಎಲ್ಲವೂ ಮುಗಿದಿತ್ತು. ಬೆಣಚುಕಲ್ಲಿನಲ್ಲಿ ಚಿನ್ನವಿದ್ದುದು ಸುಳ್ಳಲ್ಲ. ಟನ್ನಿಗೆ ದೊರೆತ ಪ್ರಮಾಣ ಮಾತ್ರ ಷೇರು ಮಾರಿದವರ ವರದಿಯಲ್ಲಿದ್ದುದಕ್ಕೆ ಹತ್ತಿರವೂ ಇರಲಿಲ್ಲ. ಗದಗ ಭಾಗದಲ್ಲಿಯೂ 20ನೆಯ ಶತಮಾನದ ಮೊದಲ ದಶಕದಲ್ಲಿ ಕಂಪನಿಗಳು ಗಣಿ ತೋಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟವು.

ಕೋಲಾರದ ಕಥೆ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ 1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಪ್ರವೇಶಿಸಿದರೂ ಮೈಸೂರು ಕಂಪನಿಯ ಬಂಡವಾಳ ಬಹುತೇಕ ಕರಗಿಹೋಗಿ, ಮುಚ್ಚುವ ಮಾತು ನಡೆಯುತ್ತಿದ್ದಾಗ, ಹಿಂದಿನವರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೆ 1880ರ ದಶಕದ ಮಧ್ಯಭಾಗದಲ್ಲಿ ಚಾಂಪಿಯನ್ ಪದರ ಸಿಕ್ಕಿತು. ಮುಂದೆ ಸುಮಾರು 120 ವರ್ಷಗಳ ಅವಧಿಯಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಆ ಪ್ರದೇಶದಿಂದ ಹೊರಬಂದು, 2001ರಲ್ಲಿ ಗಣಿಗಳು ಮುಚ್ಚಿದವು.

ಧಾರವಾಡ ಎಂಬ ಹೆಸರು

ಫೂಟ್‌ನ ವೃತ್ತಿಜೀವನದ ಅತ್ಯಂತ ಮಹತ್ವದ ಕೊಡುಗೆ ಬಂದುದು ಈ ಚಿನ್ನದ ಜ್ವರದ ನಡುವೆಯೇ. ಅಲ್ಲಿಯವರೆಗೆ ದಕ್ಷಿಣ ಭಾರತದ ಹಳೆಯ ಶಿಲೆಗಳನ್ನೆಲ್ಲ ಒಂದೇ ರಾಶಿಯಾಗಿ ಕಾಣುವ ರೂಢಿಯಿತ್ತು. ಬಳ್ಳಾರಿ, ಅನಂತಪುರ, ಧಾರವಾಡ, ಮೈಸೂರು ಸೀಮೆಗಳನ್ನು ಒಬ್ಬನೇ ಸುತ್ತಿ ನೋಡಿದ್ದ ಫೂಟ್‌ಗೆ ಒಂದು ವಿಷಯ ಸ್ಪಷ್ಟವಾಯಿತು. ಗ್ರಾನೈಟನ್ನು ಹೋಲುವ ನೈಸ್ ಶಿಲೆಯ ವಿಸ್ತಾರವಾದ ಬಯಲಿನ ನಡುವೆ ಕಪ್ಪು, ಹಸಿರು ಬಣ್ಣದ ಪದರುಶಿಲೆಗಳೂ ಕಬ್ಬಿಣದ ಪಟ್ಟೆಗಳಿರುವ ಶಿಲೆಗಳೂ ಉತ್ತರ ದಕ್ಷಿಣವಾಗಿ ಉದ್ದನೆಯ ಪಟ್ಟಿಗಳಂತೆ ಹಾದುಹೋಗಿವೆ. ಇವು ಬೇರೆಯೇ ಒಂದು ಸಮೂಹ. ಈ ಪಟ್ಟಿಗಳಲ್ಲಿಯೇ ಚಿನ್ನದ ನೆಲೆಗಳು ಇವೆ. 1880ರ ದಶಕದಲ್ಲಿ ಆತ ಈ ಸಮೂಹಕ್ಕೆ ಧಾರವಾಡ ಎಂದು ಹೆಸರಿಟ್ಟು, ಅದನ್ನು ದಕ್ಷಿಣ ಭಾರತದ ಮುಖ್ಯ ಚಿನ್ನದ ಶಿಲಾಶ್ರೇಣಿಯೆಂದು ನಿರೂಪಿಸಿದ.

ಇದು ಪಂಡಿತರ ವರ್ಗೀಕರಣವೆಂದು ತೋರಬಹುದು. ಅದರ ವ್ಯಾವಹಾರಿಕ ಪರಿಣಾಮವನ್ನು ಗಮನಿಸಿರಿ. ಸಾವಿರಾರು ಚದರ ಮೈಲಿಗಳ ನಾಡಿನಲ್ಲಿ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಹುಡುಕುವವನು ಎಲ್ಲ ಕಡೆ ಗುಂಡಿ ತೋಡಬೇಕಾಗಿಲ್ಲ. ಈ ಕೆಲವು ಪಟ್ಟಿಗಳಲ್ಲಿ ನೋಡಿದರೆ ಸಾಕು. ಹಟ್ಟಿ, ಮಸ್ಕಿ, ಗದಗ, ಸಂಡೂರು, ಚಿತ್ರದುರ್ಗ, ಬಾಬಾಬುಡನ್, ಕೋಲಾರ ಇವೆಲ್ಲ ಇಂತಹ ಪಟ್ಟಿಗಳಲ್ಲಿಯೇ ಇವೆ. ಇಂದು ಜಗತ್ತಿನ ಯಾವ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಶಿಲೆಗಳ ಬಗ್ಗೆ ಪಾಠ ಹೇಳಿದರೂ ಧಾರವಾಡದ ಹೆಸರು ಬರುತ್ತದೆ. ಪೇಡೆಯಿಂದಲೂ ಸಂಗೀತದಿಂದಲೂ ಪ್ರಸಿದ್ಧವಾದ ಊರಿಗೆ ಇದು ಮೂರನೆಯ ಖ್ಯಾತಿ. ಆದರೆ ಊರಿನವರೇ ಇದನ್ನು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಫೂಟ್‌ನ ಅಭಿಪ್ರಾಯಗಳೆಲ್ಲ ಪ್ರಶ್ನಾತೀತವಾಗಿ ಉಳಿಯಲಿಲ್ಲ. ಧಾರವಾಡ ಶಿಲೆಗಳು ಹಳೆಯ ನೈಸ್ ತಳಹದಿಯ ಮೇಲೆ ರೂಪುಗೊಂಡವು ಎಂದು ಆತ ಭಾವಿಸಿದ್ದ. ಆತನ ನಂತರ ಮೈಸೂರಿನ ಇಲಾಖೆಗೆ ಬಂದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು, ಗ್ರಾನೈಟುಗಳು ಅನಂತರ ಅವುಗಳೊಳಗೆ ನುಗ್ಗಿದವು ಎಂದು ವಾದಿಸಿದ. ದಶಕಗಳ ಕಾಲ ಸ್ಮೀತ್‌ನ ಮತವೇ ಮೈಸೂರಿನಲ್ಲಿ ಪ್ರಬಲವಾಗಿತ್ತು. 1970 ಮತ್ತು 1980ರ ದಶಕಗಳ ಸಂಶೋಧನೆಯಿಂದ ತಿಳಿದುದೆಂದರೆ, ಪದರುಶಿಲೆಗಳಲ್ಲಿಯೇ ಎರಡು ತಲೆಮಾರುಗಳಿವೆ: ಹಳೆಯವಕ್ಕೆ ಸರಗೂರು ಎಂದು ಹೆಸರು, ಕಿರಿಯವು ಧಾರವಾಡ; ಈ ಧಾರವಾಡ ಶಿಲೆಗಳ ಕೆಳಗೆ 300 ಕೋಟಿ ವರ್ಷಕ್ಕೂ ಹಿಂದಿನ ನೈಸ್ ತಳಹದಿ ಇದೆ. ಸುತ್ತಿಗೆ ಮತ್ತು ಕಣ್ಣು ಇವೆರಡನ್ನೇ ನಂಬಿದ್ದವನ ಊಹೆ ಮುಖ್ಯ ಅಂಶದಲ್ಲಿ ನಿಂತಿತು.

ಮೈಸೂರಿನ ಕರೆ

ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವು ಕೋಲಾರದ ಚಿನ್ನದ ಆದಾಯವನ್ನು ಕಂಡು, ಸಂಸ್ಥಾನದ ಉಳಿದ ಭಾಗಗಳಲ್ಲಿ ಇನ್ನೇನಿದೆ ಎಂಬ ಪ್ರಶ್ನೆ ಹಾಕಿಕೊಂಡಿತು. 1887ರ ಫೆಬ್ರುವರಿಯಿಂದ ಮೇವರೆಗೆ ಫೂಟ್ ಸಂಸ್ಥಾನದ ಚಿನ್ನದ ಪ್ರದೇಶಗಳನ್ನು ಸುತ್ತಿ ವರದಿ ನೀಡಿದ. ಸರ್ಕಾರಿ ಸೇವೆಯಿಂದ ನಿವೃತ್ತನಾದ ಮೇಲೆ ಬರೋಡಾ ಸಂಸ್ಥಾನಕ್ಕಾಗಿ ಸಮೀಕ್ಷೆ ನಡೆಸಿದ್ದ ಆತನನ್ನು, 1894ರಲ್ಲಿ ಮೈಸೂರು ಸರ್ಕಾರ ತನ್ನದೇ ಆದ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿದಾಗ, ಅದರ ಮೊದಲ ಮುಖ್ಯಸ್ಥನನ್ನಾಗಿ ಮಾಡಿಕೊಂಡಿತು. ಆಗ ಆತನಿಗೆ ಅರುವತ್ತರ ವಯಸ್ಸು.

ದೇಶೀಯ ಸಂಸ್ಥಾನವೊಂದು ಸ್ವಂತ ಹಣದಿಂದ ಇಂತಹ ಇಲಾಖೆಯನ್ನು ಕಟ್ಟಿದುದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಅದರಿಂದ ಬಂದ ಪ್ರತಿಫಲಗಳನ್ನು ಎಣಿಸಬಹುದು. ಈ ಇಲಾಖೆಯಲ್ಲಿ ಪಳಗಿದ ಪಿ. ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ನಿಕ್ಷೇಪವನ್ನು ಗುರುತಿಸಿದರು. ಬಾಬಾಬುಡನ್ ಬೆಟ್ಟಗಳ ಅದಿರಿನ ಬಗ್ಗೆ ಇಲಾಖೆ ಕಲೆಹಾಕಿದ ಮಾಹಿತಿ ಕೈಯಲ್ಲಿದ್ದುದರಿಂದಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ಸಾಧ್ಯವಾಯಿತು. 1923ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ಕುದುರೆಮುಖಕ್ಕೆ ಮಾತ್ರ ಬಹಳ ಕಾಯಬೇಕಾಯಿತು. ಅಲ್ಲಿಯ ಕಂಪನಿ ಸ್ಥಾಪನೆಯಾದುದು 1976ರಲ್ಲಿ. ಸರ್ವೋಚ್ಚ ನ್ಯಾಯಾಲಯದ ಆದೇಶದ ಪ್ರಕಾರ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತುಹೋಯಿತು.

ಸಂಡೂರಿನ ಬೆಟ್ಟಗಳು

ಬಳ್ಳಾರಿ ಜಿಲ್ಲೆಯ ಭೂಗರ್ಭವನ್ನು ಕುರಿತ ಫೂಟ್‌ನ ಬೃಹತ್ ಸಂಪುಟ 1895ರಲ್ಲಿ ಹೊರಬಂದಿತು. ಸಂಡೂರಿನ ಬೆಟ್ಟಗಳಲ್ಲಿರುವ ಶ್ರೀಮಂತ ಹೆಮಟೈಟ್ ಅದಿರಿನ ವಿವರ ಅದರಲ್ಲಿದೆ. ಆತನಿಗೂ ಅರ್ಧ ಶತಮಾನ ಮೊದಲೇ ಸೈನ್ಯಾಧಿಕಾರಿ ನ್ಯೂಬೋಲ್ಡ್ ಈ ಬೆಟ್ಟಗಳ ಬಗ್ಗೆ ಬರೆದಿದ್ದ. ಅದಕ್ಕೂ ಶತಮಾನಗಳ ಮೊದಲು ನಮ್ಮ ಕಮ್ಮಾರರು ಇಲ್ಲಿಯ ಅದಿರನ್ನು ಮಣ್ಣಿನ ಕುಲುಮೆಗಳಲ್ಲಿ ಇದ್ದಲಿನಿಂದ ಕರಗಿಸುತ್ತಿದ್ದರು. ಆದ್ದರಿಂದ ಫೂಟ್ ಸಂಡೂರಿನ ಅದಿರನ್ನು ಪತ್ತೆಮಾಡಿದನೆಂದು ಹೇಳುವುದು ಸರಿಯಲ್ಲ. ಆತ ಮಾಡಿದುದು ಅದರ ವಿಸ್ತಾರವನ್ನು ನಕ್ಷೆಯಲ್ಲಿ ತೋರಿಸಿ, ಧಾರವಾಡ ಪಟ್ಟಿಯೊಳಗೆ ಅದರ ಸ್ಥಾನವನ್ನು ನಿರ್ಣಯಿಸಿದುದು. ವಿಪರ್ಯಾಸವೆಂದರೆ, ಈ ವಿವರ ಅಚ್ಚಾಗುವ ಹೊತ್ತಿಗೆ ರೈಲಿನಲ್ಲಿ ಬಂದ ಅಗ್ಗದ ಇಂಗ್ಲಿಷ್ ಕಬ್ಬಿಣದ ಎದುರು ದೇಶೀ ಕುಲುಮೆಗಳು ಒಂದೊಂದಾಗಿ ಆರಿಹೋಗುತ್ತಿದ್ದವು. ಅದಿರು ಬೆಟ್ಟದಷ್ಟಿತ್ತು, ಕರಗಿಸಲು ಹತ್ತಿರದಲ್ಲಿ ಕಲ್ಲಿದ್ದಲಿರಲಿಲ್ಲ. ಮೊದಲು ಬೇಡಿಕೆ ಬಂದುದು ಕಬ್ಬಿಣಕ್ಕಲ್ಲ, ಮ್ಯಾಂಗನೀಸಿಗೆ. 20ನೆಯ ಶತಮಾನದ ಮೊದಲ ದಶಕದಲ್ಲಿ ಅದರ ಗಣಿಗಾರಿಕೆ ಸಂಡೂರಿನಲ್ಲಿ ಆರಂಭವಾಯಿತು. ಸಾರ್ವಜನಿಕ ವಲಯದ ದೋಣಿಮಲೈ ಗಣಿ 1977ರಲ್ಲಿ ಕಾರ್ಯಾರಂಭ ಮಾಡಿತು.

ಅನಂತರದ ಕಥೆ ನಮ್ಮ ಸದಸ್ಯರಲ್ಲಿ ಅನೇಕರ ಸ್ವಂತ ಅನುಭವ. 2003ರ ಸುಮಾರಿಗೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರತೊಡಗಿದಾಗ ಹೊಸಪೇಟೆ, ಸಂಡೂರು, ತೋರಣಗಲ್ಲುಗಳಲ್ಲಿ ವೈನಾಡಿನ ದಿನಗಳೇ ಮರಳಿ ಬಂದಂತಿತ್ತು. ಸಾಲ ಮಾಡಿ ಲಾರಿ ಕೊಂಡವರು, ಜೋಳದ ಹೊಲವನ್ನು ಅದಿರಿನ ದಾಸ್ತಾನಿಗೆ ಬಾಡಿಗೆ ಕೊಟ್ಟವರು, ಹೊಲದ ಮೇಲ್ಪದರವನ್ನೇ ಬಗೆದು ಮಾರಿದವರು, ಎಲ್ಲರನ್ನೂ ಕಂಡದ್ದಾಯಿತು. ಈ ಲೇಖಕನ ಪರಿಚಿತ ವರ್ತಕರೊಬ್ಬರು ಆ ದಿನಗಳಲ್ಲಿ ಗಣಿಯೊಂದರ ಪಾಲು ಕೊಂಡರು. ಅವರಿಗೆ ತೋರಿಸಿದ ವಿಶ್ಲೇಷಣಾ ವರದಿಯಲ್ಲಿ ಅದಿರಿನ ಕಬ್ಬಿಣದ ಅಂಶ ಶೇಕಡಾ 64 ಎಂದಿತ್ತು. ವರದಿ ಸುಳ್ಳಾಗಿರಲಿಲ್ಲ. ಮಾದರಿಯನ್ನು ಗುಡ್ಡದ ಒಂದೇ ಮೂಲೆಯಿಂದ ಆರಿಸಿ ತೆಗೆದಿದ್ದರು, ಅಷ್ಟೆ. ಉಳಿದ ಗುಡ್ಡದಲ್ಲಿ ಬಂದುದು ಪಟ್ಟೆಗಲ್ಲು, ಅದನ್ನು ಕೇಳುವವರಿರಲಿಲ್ಲ. ಪಾಲಿಗಾಗಿ ಅವರು ಮಾರಿದ್ದು ಊರಿನ ಎರಡು ಮಳಿಗೆಗಳನ್ನು. ಆ ಪ್ರದೇಶದ ಹಳೆಯ ಸಮೀಕ್ಷಾ ನಕ್ಷೆಯನ್ನು ತರಿಸಿ ನೋಡಿದ್ದರೆ ಪಟ್ಟೆಗಲ್ಲು ಎಷ್ಟು ದೂರ ಹಬ್ಬಿದೆಯೆಂಬುದು ಕೆಲವು ನೂರು ರೂಪಾಯಿಗಳ ಖರ್ಚಿನಲ್ಲಿ ತಿಳಿಯುತ್ತಿತ್ತು ಎಂದು ಅವರು ಈಗಲೂ ಹೇಳುತ್ತಾರೆ.

2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿಯ ಬೆನ್ನಲ್ಲೇ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅನಂತರ ಹಂತಹಂತವಾಗಿ, ಗಣಿಗಳ ವರ್ಗೀಕರಣ ಮತ್ತು ಉತ್ಪಾದನಾ ಮಿತಿಗಳೊಡನೆ, ಅವಕಾಶ ದೊರೆಯಿತು. ರಫ್ತಿನ ನಿರ್ಬಂಧ ಸಡಿಲವಾದುದು 2022ರ ಮೇನಲ್ಲಿ. ನಿಷೇಧದ ದಿನಗಳಲ್ಲಿ ಕಂತು ಕಟ್ಟಲಾಗದೆ ಲಾರಿಗಳನ್ನು ಒಪ್ಪಿಸಿದ ಸಣ್ಣ ಮಾಲೀಕರ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಕಪ್ಪಗಲ್ಲಿನ ಕಾರ್ಖಾನೆ

ಬಳ್ಳಾರಿಯ ಸಮೀಕ್ಷೆಯ ಕಾಲದಲ್ಲಿಯೇ ಫೂಟ್ ಕಂಡ ಇನ್ನೊಂದು ತಾಣದ ಬಗ್ಗೆ ಸಣ್ಣ ಉತ್ಪಾದಕರಾದ ನಮ್ಮ ಓದುಗರಿಗೆ ವಿಶೇಷವಾಗಿ ಹೇಳಬೇಕು. ಬಳ್ಳಾರಿ ನಗರಕ್ಕೆ ಹತ್ತಿರದಲ್ಲಿ ಸಂಗನಕಲ್ಲು, ಕಪ್ಪಗಲ್ಲು ಗ್ರಾಮಗಳ ನಡುವೆ ಗ್ರಾನೈಟಿನ ಗುಡ್ಡಗಳಿವೆ. ಒಂದು ಗುಡ್ಡವನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಈ ಗುಡ್ಡದ ಮೇಲೆ, ಇಳಿಜಾರಿನಲ್ಲಿ, ಕಲ್ಲಿನ ಕೊಡಲಿಗಳೂ ಅವುಗಳನ್ನು ತಯಾರಿಸುವಾಗ ಉದುರಿದ ಚಕ್ಕೆಗಳೂ ರಾಶಿರಾಶಿಯಾಗಿ ಬಿದ್ದಿದ್ದವು. ಇದು ನವಶಿಲಾಯುಗದ ಜನರ ಆಯುಧ ತಯಾರಿಕೆಯ ಕೇಂದ್ರವೆಂದು ಫೂಟ್ ಗುರುತಿಸಿದ.

ಅಲ್ಲಿಯ ಕೆಲಸದ ಕ್ರಮವನ್ನು ಗಮನಿಸಿದರೆ ಕಾರ್ಖಾನೆ ಎಂಬ ಪದ ಅತಿಶಯವೆನಿಸುವುದಿಲ್ಲ. ಡಾಲರೈಟಿನ ದಿಮ್ಮಿಯನ್ನು ಒಡೆಯುವುದು ಮೊದಲ ಹಂತ. ಚಕ್ಕೆ ಎಬ್ಬಿಸಿ ಸ್ಥೂಲ ಆಕಾರಕ್ಕೆ ತರುವುದು ಎರಡನೆಯದು. ಗಟ್ಟಿ ಕಲ್ಲಿನಿಂದ ಕುಟ್ಟಿ ಉಬ್ಬುತಗ್ಗುಗಳನ್ನು ಸಮ ಮಾಡುವುದು ಮೂರನೆಯದು. ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ನೀರು ಹಾಕಿ ಉಜ್ಜಿ ಅಲಗು ಹರಿತಗೊಳಿಸಿ ನುಣುಪು ಕೊಡುವುದು. ಹೀಗೆ ಉಜ್ಜಿ ಉಜ್ಜಿ ಸವೆದ ಕುಳಿಗಳು ಬಂಡೆಗಳ ಮೇಲೆ ಉಳಿದಿವೆ. ಪ್ರತಿಯೊಂದು ಹಂತದಲ್ಲಿ ಕೆಟ್ಟುಹೋದ, ಅರ್ಧಕ್ಕೆ ಮುರಿದ ಮಾಲೂ ಅಲ್ಲಿಯೇ ಬಿದ್ದಿದೆ. ಇಲ್ಲಿಯ ಉತ್ಪಾದನೆ ಸಾಮಾನ್ಯ ಶಕಪೂರ್ವ 1400ರಿಂದ 1200ರ ಅವಧಿಯಲ್ಲಿ ಉಚ್ಛ್ರಾಯದಲ್ಲಿತ್ತೆಂದು 2000ದ ದಶಕದ ಸಂಶೋಧನೆಗಳು ತೋರಿಸಿವೆ. ಊರಿನ ಬಳಕೆಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಮಾಲು ತಯಾರಾಗಿ ಹೊರಗಿನ ಊರುಗಳಿಗೆ ಹೋಗುತ್ತಿತ್ತು.

ಈ ತಾಣಕ್ಕೆ ಈಗ ಬಂದಿರುವ ಅಪಾಯ ನಮ್ಮ ಉದ್ಯಮ ವಲಯದಿಂದಲೇ ಬಂದುದು ಎಂಬುದನ್ನು ಮುಚ್ಚಿಡಲಾಗದು. ಕಟ್ಟಡಗಳಿಗೆ, ರಸ್ತೆಗಳಿಗೆ ಜಲ್ಲಿ ಒದಗಿಸಲು ಈ ಭಾಗದ ಗುಡ್ಡಗಳನ್ನು ಒಡೆಯಲಾಗುತ್ತಿದೆ. ಜಲ್ಲಿಯ ವ್ಯಾಪಾರವೂ ನ್ಯಾಯವಾದ ವ್ಯಾಪಾರವೇ, ಅದರಿಂದ ಬದುಕುವ ಕುಟುಂಬಗಳೂ ಇವೆ. ಆದರೆ ಜಲ್ಲಿಗೆ ಬೇರೆ ಗುಡ್ಡ ಸಿಗುತ್ತದೆ; ಮೂರು ಸಾವಿರ ವರ್ಷಗಳ ಹಿಂದಿನ ಕಾರ್ಖಾನೆ ಇನ್ನೊಂದು ಸಿಗುವುದಿಲ್ಲ. ಪ್ರಾಧ್ಯಾಪಕ ರವಿ ಕೋರಿಶೆಟ್ಟರ್ ಅವರಂತಹ ವಿದ್ವಾಂಸರು ವರ್ಷಗಳಿಂದ ಈ ವಿಷಯ ಹೇಳುತ್ತ ಬಂದಿದ್ದಾರೆ. ಅವರ ಪರಿಶ್ರಮದಿಂದ ಬಳ್ಳಾರಿಯಲ್ಲಿ ರೂಪುಗೊಂಡ ಪುರಾತತ್ವ ಸಂಗ್ರಹಾಲಯಕ್ಕೆ ರಾಬರ್ಟ್ ಬ್ರೂಸ್ ಫೂಟ್ ಮತ್ತು ಸಂಗನಕಲ್ಲು ಎರಡರ ಹೆಸರನ್ನೂ ಇಡಲಾಗಿದೆ.

ಫೂಟ್ ತನ್ನ ಕೊನೆಯ ವರ್ಷಗಳನ್ನು ಸೇಲಂ ಬಳಿಯ ಏರ್ಕಾಡಿನಲ್ಲಿ ಕಳೆದ. ನಾಲ್ಕು ದಶಕಗಳಲ್ಲಿ ಸಂಗ್ರಹಿಸಿದ ಪ್ರಾಚೀನ ವಸ್ತುಗಳು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳ ವಿವರಪಟ್ಟಿಯನ್ನು ಆತನೇ ಸಿದ್ಧಪಡಿಸಿದ. ಯಾವ ಕಲ್ಲು ಯಾವ ಹಳ್ಳಿಯಲ್ಲಿ, ಯಾವ ಮಣ್ಣಿನ ಪದರದಲ್ಲಿ ದೊರೆಯಿತೆಂಬುದು ದಾಸ್ತಾನು ಪುಸ್ತಕದಂತೆ ಅದರಲ್ಲಿ ನಮೂದಾಗಿದೆ. ಅದು ಮುದ್ರಣಗೊಂಡುದನ್ನು ನೋಡಲು ಆತ ಉಳಿಯಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನನಾದ. ಎರಡು ಸಂಪುಟಗಳು 1914 ಮತ್ತು 1916ರಲ್ಲಿ ಪ್ರಕಟವಾದವು.

ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವಾಗ ಕುಡತಿನಿ ದಾಟಿದ ಮೇಲೆ ಬೂದಿಯ ದಿಬ್ಬವೊಂದಿದೆ. ಇಂತಹ ದಿಬ್ಬಗಳಿಗೆ ನಮ್ಮ ಜನ ಪುರಾಣದ ಕಥೆ ಹೇಳುತ್ತಾರೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂಬುದು ಪ್ರತೀತಿ. ಕೆಲವು ವಿದ್ವಾಂಸರು ಲೋಹ ಕರಗಿಸಿದ ಕಿಟ್ಟವೆಂದರು. ಫೂಟ್ ಮಾತ್ರ, ಮುಳ್ಳಿನ ಬೇಲಿಯ ದೊಡ್ಡಿಗಳಲ್ಲಿ ಸೇರಿಕೊಂಡ ದನಗಳ ಸಗಣಿ ಸುಟ್ಟು ಆದ ರಾಶಿ ಇದು ಎಂದ. ಉತ್ನೂರಿನ ಉತ್ಖನನದ ಆಧಾರದಿಂದ ಆಲ್ಚಿನ್ 1963ರಲ್ಲಿ ಬರೆದ ಗ್ರಂಥದಲ್ಲಿ ಅದೇ ಅಭಿಪ್ರಾಯ ದೃಢಪಟ್ಟಿತು. ಆ ದಿಬ್ಬದ ಬಳಿಯ ಹೆದ್ದಾರಿಯಲ್ಲಿಯೇ ಇಂದು ಅದಿರಿನ ಲಾರಿಗಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ ಸಾಗುತ್ತವೆ.